ಕೌದಿ ಅಂಚಿನ ಪರದೆ

ಮೊಮ್ಮಗಳು ರಾಯಚೂರಿನಿಂದ ಬರುವಾಗ ನನಗೊಂದು ಸೊಳ್ಳೆಪರದೆ ತಂದಳು. ಚೀಲದ ಜಿಪ್ಪು ಎಳೆದದ್ದೇ ತಡ, ಅದು ಬುಸ್ಸೆಂದು ಹೊರಗೆ ಹಾರಿ ನಡುಮನೆಯಲ್ಲಿ ತನ್ನಷ್ಟಕ್ಕೆ ತಾನೇ ಗುಡಾರವಾಗಿ ನಿಂತುಬಿಟ್ಟಿತು. ಗೂಟ ಬೇಡ, ಹಗ್ಗ ಬೇಡ, ಗೋಡೆಗೆ ಮೊಳೆ ಬೇಡ. ನಾನು ಬಾಯಿ ತೆರೆದು ನೋಡಿದೆ. ಆ ಬೆರಗು ಇದ್ದದ್ದು ಮರುದಿನ ಬೆಳಗಿನವರೆಗೆ ಮಾತ್ರ. ಅದನ್ನು ಮತ್ತೆ ಮಡಚಿ ಚೀಲಕ್ಕೆ ತುಂಬಬೇಕಲ್ಲ! ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಮೊಣಕಾಲು ಕೊಟ್ಟು ಅದುಮಿದೆ, ಆಮೇಲೆ ಮೇಲೆ ಕುಳಿತೇಬಿಟ್ಟೆ. ಮೊಮ್ಮಗಳು ಬಂದು ನೋಡಿದಾಗ ಪರದೆ ಮೇಲಿತ್ತು, ನಾನು ಕೆಳಗಿದ್ದೆ.

ಅವಳು ಓದುವುದು ವ್ಯಾಪಾರದ ಓದು. ಹೊಸದನ್ನು ಹುಟ್ಟಿಸುವುದು ಹೇಗೆ, ಹುಟ್ಟಿಸಿದ್ದನ್ನು ಸಂಭಾಳಿಸುವುದು ಹೇಗೆ, ಅದರಿಂದ ವ್ಯಾಪಾರ ಬೆಳೆಸುವುದು ಹೇಗೆ ಎಂದು ಅವರ ಕಾಲೇಜಿನಲ್ಲಿ ಒಂದು ಇಡೀ ಪಾಠವೇ ಇದೆಯಂತೆ. ಅದಕ್ಕೆ ಇನ್ನೋವೇಶನ್ ಎನ್ನುತ್ತಾರಂತೆ. ಪರದೆಯನ್ನು ಎರಡೇ ತಿರುವಿಗೆ ಮಡಚಿ ಚೀಲದಲ್ಲಿಟ್ಟು, "ಇದ ನೋಡಜ್ಜಿ ಇನ್ನೋವೇಶನ್. ನಿಮ್ಮ ಕಾಲದಾಗ ಇದೆಲ್ಲ ಎಲ್ಲಿತ್ತು ಬಿಡು" ಎಂದಳು. ಆ 'ಬಿಡು' ನನಗೆ ಸ್ವಲ್ಪ ಚುಚ್ಚಿತು. ಪರದೆಯ ಕೆಳಗಿನಿಂದ ಆಗತಾನೇ ಎದ್ದು ಬಂದವಳು ವಾದ ಮಾಡಿದರೆ ಶೋಭೆಯಲ್ಲ ಎಂದು ಸುಮ್ಮನಾದೆ. ನಿಮಗಾದರೂ ಹೇಳುತ್ತೇನೆ.

ನಾನು ಗುರುಗುಂಟಾದವಳು. ಮದುವೆಯಾಗಿ ಸಿಂಧನೂರಿಗೆ ಬಂದಾಗ ಅಲ್ಲಿ ಕಾಲುವೆಗೆ ನೀರು ಬಂದು ಕೆಲವು ವರ್ಷ ಆಗಿತ್ತು. ನಮ್ಮ ಕಡೆ ನೀರೆಂದರೆ ಹಗ್ಗದ ತುದಿಯಲ್ಲಿ ಇರುವಂಥದ್ದು, ಸೇದಿದರೆ ಮೇಲೆ ಬರುವಂಥದ್ದು. ಇಲ್ಲಿ ಯಾರೂ ಸೇದದೆ, ಯಾರೂ ಕರೆಯದೆ, ತನ್ನ ಪಾಡಿಗೆ ತಾನು ಹರಿದು ಹೋಗುತ್ತಿತ್ತು. ಮೊದಲ ಸಲ ಕಾಲುವೆಯ ಸೇತುವೆಯ ಮೇಲೆ ನಿಂತವಳು ಅಲ್ಲಿಂದ ಕದಲಲೇ ಇಲ್ಲ. "ನಡಿ ನೀಲಾ, ಅದೇನು ನಾಳಿಗೆ ತೀರಂಗಿಲ್ಲ" ಎಂದು ನಮ್ಮವರು ನಕ್ಕರು. ಹೊಸ ಹೆಂಡತಿಯ ಹಳ್ಳಿತನ ಅವರಿಗೆ ಆ ದಿನ ಮುದ್ದಾಗಿ ಕಂಡಿತೆಂದು ಕಾಣುತ್ತದೆ, ನನ್ನನ್ನು ಇನ್ನಷ್ಟು ಹೊತ್ತು ನಿಲ್ಲಲು ಬಿಟ್ಟರು.

ನೀರು ಬಂತು, ನೀರಿನ ಹಿಂದೆ ಭತ್ತ ಬಂತು, ಭತ್ತ ಬೆಳೆಯುವ ಆಂಧ್ರದವರು ಬಂದು ಕ್ಯಾಂಪು ಕಟ್ಟಿಕೊಂಡರು. ಸೊಳ್ಳೆಗಳಿಗೆ ಮಾತ್ರ ಯಾರೂ ಹೊಲ ಮಾರಿರಲಿಲ್ಲ, ಆದರೂ ಎಲ್ಲರಿಗಿಂತ ಗಟ್ಟಿಯಾಗಿ ಅವೇ ನೆಲೆ ನಿಂತವು. ಹೊತ್ತು ಮುಳುಗುತ್ತಿದ್ದಂತೆ ಕಟ್ಟೆಯ ಮೇಲೆ ಕುಳಿತವರೆಲ್ಲ ಮಾತಿನ ನಡುನಡುವೆ ಮೈಕೈಗೆ ಪಟಪಟ ಬಡಿದುಕೊಳ್ಳುವರು. ದೂರದಿಂದ ನೋಡಿದವರಿಗೆ ಭಜನೆ ನಡೆದಿದೆ ಅನ್ನಿಸಬೇಕು.

ನಮ್ಮವರು ದರ್ಜಿ. ಮಾವನವರು ಬಿಟ್ಟುಹೋದ ಒಂದು ಹೊಲಿಗೆ ಮಿಷನ್ನು, ರಸ್ತೆಗೆ ತೆರೆದ ಒಂದು ಪಡಸಾಲೆ, ಇದೇ ನಮ್ಮ ಅಂಗಡಿ. ಮಾವನವರ ಕಾಲಕ್ಕೆ ನಿಲುವಂಗಿ, ಚೊಣ್ಣ, ಕುಪ್ಪಸ ಹೊಲಿದರೆ ಸಾಕಿತ್ತು. ನಾನು ಬರುವಷ್ಟರಲ್ಲಿ ಬಜಾರಿನಲ್ಲಿ ಆಳೆತ್ತರದ ಕನ್ನಡಿ ಇಟ್ಟುಕೊಂಡ ಹೊಸ ಟೇಲರುಗಳು ಬಂದಿದ್ದರು, ಹುಡುಗರೆಲ್ಲ ಪ್ಯಾಂಟು ಹೊಲಿಸಲು ಅಲ್ಲಿಗೆ ಹೋಗುತ್ತಿದ್ದರು. ನಮ್ಮವರೂ ಪ್ಯಾಂಟು ಹೊಲಿದು ನೋಡಿದರು. ಸುಳ್ಳು ಯಾಕೆ ಹೇಳಲಿ, ಅವರು ಹೊಲಿದ ಪ್ಯಾಂಟು ಹಾಕಿಕೊಂಡವರು ನಡೆಯಬಹುದಿತ್ತು, ಕೂಡುವ ಹಾಗಿರಲಿಲ್ಲ.

ಒಂದು ದಿನ ಅವರು ಯಾವುದೋ ಕ್ಯಾಂಪಿಗೆ ಕಿಟಕಿಯ ಪರದೆಯ ಅಳತೆ ತೆಗೆದುಕೊಳ್ಳಲು ಹೋಗಿ ಬಂದರು. ಬಂದವರ ಕಣ್ಣಲ್ಲಿ ಬೇರೆಯೇ ಹೊಳಪು. ಅಲ್ಲಿ ಮಂಚಗಳ ಮೇಲೆ ಸೊಳ್ಳೆಪರದೆ ಕಟ್ಟಿದ್ದನ್ನು ನೋಡಿದ್ದರು. "ಇಡೀ ತಾಲ್ಲೂಕಿಗೆ ಸೊಳ್ಳಿ ಕಡಿತಾವ ನೀಲಾ. ಅಂದ್ರ ಇಡೀ ತಾಲ್ಲೂಕು ನಮ್ಮ ಗಿರಾಕಿ" ಎಂದರು. ಮರುವಾರವೇ ರಾಯಚೂರಿಗೆ ಹೋಗಿ ಬಿಳಿ ಜಾಳಿಗೆ ಬಟ್ಟೆಯ ಒಂದು ಗಂಟು ತಂದರು. ಗಂಟೆಂದರೆ ತಲೆಯ ಮೇಲೆ ಹೊರುವ ಗಂಟಲ್ಲ, ಬಸ್‌ಸ್ಟ್ಯಾಂಡಿನಿಂದ ಮನೆಗೆ ತಳ್ಳುಗಾಡಿಯಲ್ಲಿ ಬಂತು. ಇದ್ದದ್ದೇ ಒಂದು ಒಳಕೋಣೆ. ಅದರಲ್ಲಿ ಹೊಸ ದಂಪತಿಗಳಿಗೆಂದು ಅತ್ತೆ ಬಿಟ್ಟುಕೊಟ್ಟಿದ್ದ ಮೂಲೆಯಲ್ಲಿ ಆ ಗಂಟು ಹೋಗಿ ಕುಳಿತಿತು. ಅಲ್ಲಿಂದ ಮುಂದೆ ನಮ್ಮ ಸಂಸಾರವೆಲ್ಲ ಅದರ ಅನುಮತಿ ಪಡೆದೇ ನಡೆಯಬೇಕಾಯಿತು.

"ದೀಪಾವಳಿಯೊಳಗ ಈ ಗಂಟು ಕರಗಬೇಕು" ಎಂದರು ನಮ್ಮವರು. "ಕರಗಲಿಲ್ಲಂದ್ರ ಅಂಗಡಿ ಮುಚ್ಚಿ ಹಟ್ಟಿಗೆ ಹೋಗತೀನಿ. ನಿಮ್ಮಪ್ಪ ಅದಾನಲ್ಲ, ಗಣಿಯಾಗ ಕೆಲಸಕ್ಕ ಹಚ್ಚತಾನ."

ಹಟ್ಟಿ ಎಂದರೆ ಆಗ ಯಾರೂ ಮೂಗು ಮುರಿಯುತ್ತಿರಲಿಲ್ಲ. ಚಿನ್ನದ ಗಣಿ, ತಿಂಗಳಾದರೆ ತಪ್ಪದ ಪಗಾರ, ಮುಂದೆ ಕಂಪನಿಯ ಮನೆ. ಹೆಣ್ಣು ಕೊಡುವವರು ಹುಡುಕಿಕೊಂಡು ಹೋಗುತ್ತಿದ್ದ ಊರು ಅದು. ಆದರೆ ನನಗೆ ಆ ಊರಿನ ಹೆಸರೇ ಬೇಡವಾಗಿತ್ತು. ಯಾಕೆಂದರೆ ನನ್ನ ಅಪ್ಪನ ಮುಖ ನೆನಪಿಸಿಕೊಂಡರೆ ನನಗೆ ಕಾಣುವುದು ಕಣ್ಣು ಮುಚ್ಚಿದ ಮುಖ. ಅಪ್ಪ ಗುರುಗುಂಟಾದಿಂದ ಹಟ್ಟಿಗೆ ಸೈಕಲ್ಲು ತುಳಿಯುತ್ತಿದ್ದ. ಬೆಳಗಿನ ಪಾಳಿ ಇದ್ದರೆ ನಾನು ಏಳುವ ಮೊದಲೇ ಹೋಗಿರುತ್ತಿದ್ದ. ರಾತ್ರಿ ಪಾಳಿ ಇದ್ದರೆ ಹಗಲೆಲ್ಲ ಮಲಗಿರುತ್ತಿದ್ದ. ನಾವು ಮಕ್ಕಳು ಮನೆಯೊಳಗೆ ಪಿಸುಮಾತಿನಲ್ಲೇ ಬೆಳೆದೆವು. "ಶ್, ಅಪ್ಪ ಮಲಗ್ಯಾನ" ಎಂದು ಅವ್ವ ತುಟಿಯ ಮೇಲೆ ಬೆರಳಿಟ್ಟೇ ಇರುತ್ತಿದ್ದಳು. ಅಪ್ಪ ಒಳ್ಳೆಯವನು ಎಂದು ಗೊತ್ತಿತ್ತು, ಆದರೆ ಒಬ್ಬ ಒಳ್ಳೆಯ ಪರವೂರಿನವನ ಬಗ್ಗೆ ಗೊತ್ತಿರುವ ಹಾಗೆ. ಮದುವೆಯಾದ ಮೇಲೆ ನಮ್ಮವರು ಮಿಷನ್ನು ತುಳಿಯುತ್ತ, ನಡುವೆ ತಲೆಯೆತ್ತಿ ನನ್ನನ್ನು ನೋಡಿ, ಏನೋ ಒಂದು ಹೇಳಿ ನಗುವರು. ಹಗಲು ಹೊತ್ತಿನಲ್ಲಿ ಮನೆಯ ಗಂಡಸು ನಗುವುದನ್ನು ನಾನು ಕಂಡದ್ದೇ ಮೊದಲು. ನನಗೆ ಕಣ್ಣು ಬಿಟ್ಟ ಗಂಡ ಬೇಕಾಗಿತ್ತು. ಆಸೆ ಅಷ್ಟೇ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಪರದೆಗಳನ್ನು ಹೊಲಿದದ್ದಾಯಿತು. ಕ್ಯಾಂಪಿನವರು ಕೆಲವರು ಕೊಂಡರು, ಅವರ ಮಂಚಗಳು ಮುಗಿದವು, ಗಂಟು ಮುಗಿಯಲಿಲ್ಲ. ಊರವರಿಗೆ ತೋರಿಸಬೇಕೆಂದು ನಮ್ಮವರು ಅಂಗಡಿಯ ಮುಂದೆ ಬೇವಿನ ಗಿಡದ ಕೆಳಗೆ ಒಂದು ಹೊರಸು ಹಾಕಿ, ಮೇಲೆ ಪರದೆ ಕಟ್ಟಿ, ತಾವೇ ಒಳಗೆ ಹೋಗಿ ಮಲಗಿದರು. ಅಂಗಾತ ಮಲಗಿ, ಕೈ ಎದೆಯ ಮೇಲೆ ಜೋಡಿಸಿಕೊಂಡು, ಎಷ್ಟು ಸುಖವಾಗಿದೆ ಎಂದು ತೋರಿಸಲು ಕಣ್ಣು ಬೇರೆ ಮುಚ್ಚಿಕೊಂಡರು. ಮುಕ್ಕುಂದದ ಕಡೆಯಿಂದ ಸಂತೆಗೆ ಬಂದಿದ್ದ ಹಿರಿಯನೊಬ್ಬ ನಿಂತು ನೋಡಿದ. ಮೆಲ್ಲಗೆ ಚಪ್ಪಲಿ ಬಿಟ್ಟ, ರುಮಾಲು ತೆಗೆದ. ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿ, "ಯಾವಾಗಾತವ್ವಾ? ಇನ್ನೂ ಸಣ್ಣ ವಯಸ್ಸು" ಎಂದು ಕಣ್ಣೊರೆಸಿಕೊಂಡ. ನಾನು ಬಾಯಿ ತೆರೆಯುವಷ್ಟರಲ್ಲಿ ಕೊಡ ಹೊತ್ತು ಓಣಿ ತಿರುಗಿದ ಅತ್ತೆ ಅದನ್ನು ನೋಡಿದರು. ಕೊಡ ಅಲ್ಲೇ ಬಿತ್ತು. ಅವರು ಇಟ್ಟ ಕೂಗಿಗೆ ಹೊರಸಿನ ಮೇಲಿದ್ದವರು ಧಡಕ್ಕನೆ ಎದ್ದು ಕುಳಿತರು, ಮುಕ್ಕುಂದದ ಹಿರಿಯ ಚಪ್ಪಲಿಯನ್ನೂ ಬಿಟ್ಟು ಓಡಿದ.

ನಗಬೇಡಿ, ಅತ್ತೆ ಆ ದಿನ ಊಟ ಮಾಡಲಿಲ್ಲ. ಮಗನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಬಿಳಿ ಅರಿವಿ ಮೈ ಮ್ಯಾಲ ಹಾಕೂದು ಒಮ್ಮೆ ಮಾತ್ರ. ಈ ಊರಾಗ ಇದರಾಗ ಯಾರು ಮಲಗತಾರೋ ಮೂಳ?" ಎಂದರು. ಅವರು ಹೇಳಿದ್ದು ನಿಜವಾಗಿತ್ತು. ಊರಿನ ಒಬ್ಬನೂ ಆ ಪರದೆಯನ್ನು ಮುಟ್ಟಲಿಲ್ಲ. ಅಲ್ಲದೆ ನಮ್ಮಲ್ಲಿ ಮಂಚದ ಮೇಲೆ ಒಬ್ಬೊಬ್ಬರೇ ಮಲಗುವವರು ಎಲ್ಲಿದ್ದರು? ಬೇಸಿಗೆಯಲ್ಲಿ ಮಾಳಿಗೆಯ ಮೇಲೆ, ಉಳಿದ ದಿನ ಕಟ್ಟೆಯ ಮೇಲೆ, ನೆಲದಲ್ಲೇ ಸಾಲಾಗಿ. ಒಂದೇ ಕಂಬಳಿಯ ಒಂದು ತುದಿಗೆ ಅಜ್ಜಿ, ಇನ್ನೊಂದು ತುದಿಗೆ ಮೊಮ್ಮಗು.

ದಾರಿ ತೋರಿಸಿದವರೂ ಅತ್ತೆಯೇ. ಸಿಟ್ಟು ಇಳಿದ ಮೇಲೆ, "ಬಣ್ಣದ ತುಂಡರೆ ಹಚ್ಚ್ರಿ, ಆ ಸಾವಿನ ಕಳೆ ಹೋಗಲಿ" ಎಂದು ಹಳೆಯ ಸೀರೆಗಳ ಗಂಟನ್ನು ನನ್ನ ಮುಂದೆ ಸುರಿದರು. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಹಳೆ ಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿಯುವುದು. ಹಳೆಯ ಸೀರೆಯ ಕೆಂಪು, ಹಸಿರು, ಅರಿಶಿಣದ ತುಂಡುಗಳನ್ನು ಜೋಡಿಸಿ, ಪರದೆಯ ಸುತ್ತ ಗೇಣಗಲದ ಕೌದಿ ಅಂಚು ಹಚ್ಚಿದೆ. ಇಬ್ಬರು ಮಕ್ಕಳ ಜೊತೆ ತಾಯಿ ಮಲಗುವಷ್ಟು ಅಗಲ ಮಾಡಿದೆವು. ನೆಲದ ಮೇಲೆ ಇಳಿಬಿಟ್ಟು ನೋಡಿದರೆ ಆ ಅಂಚಿನ ಭಾರಕ್ಕೆ ಪರದೆ ಗಾಳಿಗೂ ಹಾರದೆ ಕೂತಿತು. ನಾವು ಹಚ್ಚಿದ್ದು ಚೆಂದಕ್ಕೆ, ಅದು ಕೆಲಸಕ್ಕೂ ಬಂತು. "ನೋಡ್ದ್ಯಾ, ಇದನ್ನೂ ಯೋಚನಿ ಮಾಡೇ ಮಾಡೀನಿ" ಎಂದು ನಮ್ಮವರು ಎದೆ ಉಬ್ಬಿಸಿದರು. ಅತ್ತೆ ಮತ್ತು ನಾನು ಮುಖ ಮುಖ ನೋಡಿಕೊಂಡೆವು.

ಮಾರುವುದು ಹೇಗೆ ಎಂಬ ಚಿಂತೆ ಬಿಡಿಸಿದವಳು ಪಕ್ಕದ ಮನೆಯ ಖಾಜಾಬಿ. ಅವಳು ಬಳೆ ಮಾರುವವಳು, ಮಸ್ಕಿಯ ಸಂತೆಯಿಂದ ಹಿಡಿದು ಸುತ್ತಿನ ಹಳ್ಳಿಗಳ ಒಳಮನೆಗಳವರೆಗೆ ನಡೆದು ಬಲ್ಲವಳು. "ಮಚ್ಚರ್‌ದಾನಿ ನಂಗೆ ಕೊಡು ಬೇಟಿ. ಬಳಿ ಇಡಸಾಕ ಕುಂತಾಗ ಹೆಣ್ಮಕ್ಕಳ ಕೈ ನನ್ನ ಕೈಯಾಗ ಇರ್ತೈತಿ. ಎದ್ದು ಹೋಗಾಕ ಬರಂಗಿಲ್ಲ. ಆವಾಗ ಹೇಳತೀನಿ" ಎಂದಳು. ಮೊಮ್ಮಗಳ ಕಾಲೇಜಿನಲ್ಲಿ ಈ ಪಾಠ ಇದೆಯೋ ಇಲ್ಲವೋ ಕೇಳಬೇಕು.

ಪರದೆಗಳು ಹೊರಡತೊಡಗಿದವು. ಗಂಟು ಇಳಿಯುತ್ತ ಬಂತು, ಒಳಕೋಣೆಯ ಗೋಡೆ ಮತ್ತೆ ಕಾಣಿಸಿತು. ಆಗ ಆಯಿತು ನೋಡಿ ಎಡವಟ್ಟು. ಕೌದಿ ಹೊಲಿದವರಿಗೆ ಗೊತ್ತಿರುತ್ತದೆ, ಕೌದಿಗೆ ಹೊಟ್ಟೆ ಇಡಬೇಕು. ಹೊಲಿಗೆ ಮುಗಿಯುವಾಗ ಒಂದು ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಮುಚ್ಚಿ ಹೊಲಿಯುತ್ತೇವೆ. ಹಸಿದ ಕೌದಿ ಮನೆಗೆ ಒಳ್ಳೆಯದಲ್ಲ ಎಂದು ನಂಬಿಕೆ. ಕೌದಿ ಅಂಚು ಹಚ್ಚಿದ ಮೇಲೆ ಪರದೆಗೂ ಹೊಟ್ಟೆ ಬೇಡವೇ? ಅತ್ತೆಗೆ ಅನುಮಾನವಿರಲಿಲ್ಲ, ನನಗಿರಲಿಲ್ಲ, ಖಾಜಾಬಿಗೂ ಇರಲಿಲ್ಲ. ಪ್ರತಿಯೊಂದು ಪರದೆಯ ಮೂಲೆಗೂ ಭಕ್ತಿಯಿಂದ ಒಂದೊಂದು ಚೂರು ಜೋಳದ ರೊಟ್ಟಿ ಇಟ್ಟು ಹೊಲಿದೆವು. ಭತ್ತದ ಜೊತೆ ಊರಿಗೆ ಇಲಿಗಳೂ ಬಂದಿವೆ ಎಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಖಾಜಾಬಿ ಒಂದು ದಿನ ಬಳೆಯ ಬುಟ್ಟಿಯ ಮೇಲೆ ಪರದೆಗಳ ಹೊರೆ ಹೊತ್ತು ವಾಪಸು ಬಂದಳು. ಮೂಲೆಗಳಲ್ಲೆಲ್ಲ ಮುಷ್ಟಿಯಷ್ಟು ದೊಡ್ಡ ತೂತು. "ಸೊಳ್ಳಿ ಒಳಗ ಬರಾಕ ಇಲಿಗೋಳು ಬಾಗಲಾ ಇಟ್ಟು ಕೊಟ್ಟಾವ. ಬಾಗಲಿದ್ದ ಪರದಿ ಅಂತ ಮಂದಿ ನಗಾಕತ್ತ್ಯಾರ" ಎಂದು ಕಟ್ಟೆಯ ಮೇಲೆ ಕುಸಿದಳು. ಮುಂದಿನ ವಾರಗಳಲ್ಲಿ ಉಳಿದವೂ ಒಂದೊಂದಾಗಿ ಮನೆಗೆ ಬಂದವು. ನಮ್ಮವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಿಷನ್ನಿಗೆ ಎಣ್ಣೆ ಹಾಕಿ, ಒರೆಸಿ, ಮೇಲೆ ಬಟ್ಟೆ ಮುಚ್ಚಿದರು. ಲಿಂಗಸುಗೂರಿನ ಕಡೆ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ, ದೀಪಾವಳಿ ಆದ ಮೇಲೆ ಬಂದು ಅಳಿಯನನ್ನು ಕೆಲಸಕ್ಕೆ ಕರೆದುಕೊಂಡು ಹೋಗಬೇಕೆಂದು ನನ್ನ ಅಪ್ಪನಿಗೆ ಹೇಳಿಕಳಿಸಿದರು. ನಾನು ಒಲೆಯ ಮುಂದೆ ಕುಳಿತು ಹೊಗೆಯ ನೆಪದಲ್ಲಿ ಕಣ್ಣೀರು ಹಾಕಿದೆ.

ಅಳುವುದಕ್ಕೂ ಒಂದು ಕೊನೆ ಇರುತ್ತದಲ್ಲ. ಓಣಿಯಲ್ಲಿ ಒಂದು ಕೂಸಿಗೆ ತೊಟ್ಟಿಲ ಶಾಸ್ತ್ರವಿತ್ತು, ಹೋದೆ. ಎತ್ತಿಕೊಂಡ ಕೂಸಿನ ಮುಂಗೈಯಲ್ಲಿ ಬಜೆಬೇರಿನ ತುಂಡುಗಳನ್ನು ಪೋಣಿಸಿ ಕಟ್ಟಿದ್ದರು. ಘಮ್ಮೆಂದು ಮೂಗಿಗೆ ಬಡಿಯಿತು. "ಯಾಕ ಕಟ್ಟತಾರಂದ್ರ, ಹುಳಾ ಹುಪ್ಪಡಿ ಹತ್ರ ಸುಳಿಯಂಗಿಲ್ಲ" ಎಂದಳು ಕೂಸಿನ ಅಜ್ಜಿ. ನಾನು ಕೂಸನ್ನು ಅವಳ ಮಡಿಲಿಗೆ ಹಾಕಿ, ಕೊಟ್ಟ ಉಸುಳಿಯನ್ನೂ ತಿನ್ನದೆ ಮನೆಗೆ ಓಡಿದೆ. ಪರದೆಯ ಹೊಟ್ಟೆ ತುಂಬಿರಬೇಕು, ತುಂಬಿದ್ದು ಇಲಿಗೆ ರುಚಿಸಬಾರದು! ಮೂಲೆಯಲ್ಲಿ ಬಜೆ ಇಟ್ಟು ಹೊಲಿದ ಒಂದು ಪರದೆಯನ್ನು ಜೋಳದ ಚೀಲಗಳ ನಡುವೆ ಬಿಟ್ಟು ಕಾದೆವು. ಇಲಿಗಳು ಚೀಲ ಕಡಿದವು, ಪರದೆ ಮುಟ್ಟಲಿಲ್ಲ. ಅತ್ತೆ ಮಿಷನ್ನಿನ ಮೇಲಿನ ಬಟ್ಟೆಯನ್ನು ತಾವೇ ಎಳೆದು ತೆಗೆದರು.

ಅದಕ್ಕೆ 'ಬಾಣಂತಿ ಪರದಿ' ಎಂದು ಹೆಸರಿಟ್ಟವಳು ಖಾಜಾಬಿ. ಕೂಸಿಗೆ ಬಜೆ, ಬಾಣಂತಿಗೆ ಬಣ್ಣದ ಅಂಚು, ಇಬ್ಬರಿಗೂ ಸೊಳ್ಳೆಯಿಲ್ಲ. ತವರಿನವರು ತೊಟ್ಟಿಲ ಜೊತೆ ಕಳಿಸಬೇಕಾದ ಸಾಮಾನು ಎಂದು ಅವಳು ಊರೂರಿಗೆ ಹೇಳಿ, ಹಿಂದಿನಿಂದ ಬಂದ ಪದ್ಧತಿಯೇನೋ ಎಂಬಂತೆ ಮಾಡಿಬಿಟ್ಟಳು. ಹೊಸದು ಎಂದರೆ ಹಿಂಜರಿಯುತ್ತಿದ್ದ ಜನ, ಪದ್ಧತಿ ಎಂದ ಕೂಡಲೇ ಬಂದು ಕೇಳತೊಡಗಿದರು. ಆದರೆ ಇಷ್ಟೆಲ್ಲ ಆಗುವಷ್ಟರಲ್ಲಿ ದೀಪಾವಳಿ ಬಂದು ಹೋಯಿತು. ಗಂಟು ಇನ್ನೂ ಅರ್ಧ ಹಾಗೇ ಇತ್ತು. ನಮ್ಮವರು ಒಮ್ಮೆ ಮಾತು ಆಡಿದರೆ ತಿರುಗಿಸುವವರಲ್ಲ, ನನ್ನ ಅಪ್ಪನಿಗೆ ಬರಹೇಳಿಯೂ ಆಗಿತ್ತು. ತಮ್ಮ ಅಂಗಿ ಧೋತರಗಳನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡರು.

ಅಪ್ಪ ಬೆಳಗಿನ ಬಸ್ಸಿಗೆ ಬಂದ. ಕೈಯಲ್ಲಿ ನನಗೆಂದು ಶೇಂಗಾದ ಗಂಟು. ಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕುಳಿತ. "ಊಟ ಆದಮ್ಯಾಲ ಹೊರಡೂಣು" ಎಂದ. ನಮ್ಮವರು ತಲೆಯಾಡಿಸಿದರು. ಹೊತ್ತುಹೊತ್ತಿಗೆ ಬಾಗಿಲಿಗೆ ಬಂದು ಪರದೆ ಕೇಳುವ ಹೆಂಗಸರಿಗೆ ಅತ್ತೆ ಉತ್ತರ ಕೊಡುತ್ತಿದ್ದರು, ಹೋಗುವ ಮೊದಲು ಇದ್ದಷ್ಟು ಕತ್ತರಿಸಿ ಕೊಡುತ್ತೇನೆಂದು ನಮ್ಮವರು ಕತ್ತರಿ ಹಿಡಿದಿದ್ದರು, ನಾನು ಅಂಚು ಹಚ್ಚುತ್ತಿದ್ದೆ. ಅಪ್ಪ ನೋಡುತ್ತ ಕುಳಿತಿದ್ದವನು ಮೆಲ್ಲಗೆ ಹತ್ತಿರ ಸರಿದು, ಬಜೆಯ ತುಂಡುಗಳನ್ನು ಆರಿಸಿ ಒಂದೊಂದಾಗಿ ನನ್ನ ಕೈಗೆ ಕೊಡತೊಡಗಿದ. ಊಟದ ಹೊತ್ತಾಯಿತು, ಹೊತ್ತು ಮೀರಿತು, ಅವನು ಏಳಲಿಲ್ಲ.

"ನೀಲವ್ವಾ, ಇದು ಕರಿ ಅರಿವ್ಯಾಗ ಬರತೈತೇನು?" ಎಂದ ಅಪ್ಪ.

"ಕರಿದ್ಯಾಕ ಅಪ್ಪಾ?"

"ಹಗಲು ಮಲಗವ್ರಿಗೆ. ನಮ್ಮ ಪಾಳ್ಯಾಗ ಎಷ್ಟು ಮಂದಿ ಹಗಲು ಮಲಗತಾರ. ಬೆಳಕಿಗೆ ನಿದ್ದಿ ಹತ್ತಂಗಿಲ್ಲ. ಸೊಳ್ಳಿ ಅಲ್ಲವ್ವ, ನೊಣದ ಕಾಟ."

ಕತ್ತರಿಯ ಸದ್ದು ನಿಂತಿತು. ನಮ್ಮವರು ಕೊರಳಿನಲ್ಲಿದ್ದ ಅಳತೆ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಎದ್ದೇ ನಿಂತರು. "ಮಾವಾರ, ಇದ್ದ ಬಟ್ಟಿಗೇ ಕರಿ ಬಣ್ಣ ಹಾಕಿಸಿದ್ರ? ಎಷ್ಟು ಉದ್ದ ಇರತೈತಿ ನಿಮ್ಮ ಹೊರಸು?" ಎಂದು ಒಂದೇ ಉಸಿರಿಗೆ ಕೇಳಿದರು. ಅಪ್ಪ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಬಾಗಿಲ ಬಳಿ ಇದ್ದ ಬಟ್ಟೆಯ ಚೀಲವನ್ನು ತಾನೇ ಎತ್ತಿ ಒಳಕ್ಕೆ ಸರಿಸಿದ. "ಹಟ್ಟಿಗೆ ನೀ ಬರೂದು ಬ್ಯಾಡಪಾ. ಪರದಿ ಬರಲಿ" ಎಂದ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಬೇಕಾದದ್ದು ಬೇರೆ ಇದೆ. ಆ ಗಂಟು ಕರಿ ಬಣ್ಣದಲ್ಲಿ ಮಿಂದು ಹಟ್ಟಿಗೆ ಹೋಯಿತು, ಅದರ ಹಿಂದೆ ಇನ್ನೊಂದು ಗಂಟು ಬಂತು. ಎರಡನೆಯ ಮಿಷನ್ನು ಬಂತು, ಅಂಚು ಹಚ್ಚಲು ಓಣಿಯ ಹೆಂಗಸರು ಬಂದು ಕುಳಿತರು. ನಮ್ಮವರು ಜೀವಮಾನವಿಡೀ ನನ್ನೆದುರಿಗೆ ಮಿಷನ್ನು ತುಳಿದರು, ನಡುವೆ ತಲೆಯೆತ್ತಿ ನಕ್ಕರು. ಮೊಮ್ಮಗಳು ಇದಕ್ಕೆ ಏನು ಹೆಸರು ಇಡುತ್ತಾಳೋ ಇಡಲಿ.

ಆ ಮಧ್ಯಾಹ್ನ ಅಪ್ಪನಿಗೆ ಹೊರಡುವ ಅವಸರ ಉಳಿಯಲಿಲ್ಲ. ನಮ್ಮವರು ಬಣ್ಣ ಹಾಕುವವರನ್ನು ಹುಡುಕಿಕೊಂಡು ಹೋದರು, ಅತ್ತೆ ರೊಟ್ಟಿ ಬಡಿಯಲು ಒಳಗೆ ಹೋದರು. ಪಡಸಾಲೆಯಲ್ಲಿ ನಾವಿಬ್ಬರೇ. ಹುಟ್ಟಿದ ಮೇಲೆ ನಾನು ಅಪ್ಪನ ಜೊತೆ ಅಷ್ಟು ಹೊತ್ತು ಕುಳಿತದ್ದೇ ಇಲ್ಲ. ಏನು ಮಾತಾಡಬೇಕೋ ತಿಳಿಯದೆ, "ಹಂಗಾರ ಇಷ್ಟು ವರ್ಷ ನೊಣಕ್ಕ ಏನ್ ಮಾಡತಿದ್ದಿ ಅಪ್ಪಾ?" ಎಂದು ಕೇಳಿದೆ.

"ನೀ ಸಣ್ಣಾಕಿ ಇದ್ದಾಗ ಚಿಂತಿ ಇದ್ದಿದ್ದಿಲ್ಲ" ಎಂದ. "ನಿಮ್ಮವ್ವನ ಹಳೀ ಸೀರಿ ತುಂಡು ಹಿಡಕೊಂಡು ಬಂದು, ನನ್ನ ಮುಖದ ಮ್ಯಾಲ ಬೀಸಿಕೋಂತ ಕುಂದರತಿದ್ದಿ."

ನನಗೇ ಅದು ಮರೆತು ಹೋಗಿತ್ತು. "ನಿನಗ್ಹೆಂಗ ಗೊತ್ತಪಾ? ನೀ ಮಲಗಿರತಿದ್ದಿ."

ಅಪ್ಪ ಬಜೆಯ ತುಂಡೊಂದನ್ನು ಬೆರಳಲ್ಲಿ ತಿರುಗಿಸಿದ. "ಎಲ್ಲಿ ಮಲಗತಿದ್ದೆ ನೀಲವ್ವಾ. ಎಚ್ಚರ ಇದ್ರೂ ಕಣ್ಣು ಮುಚ್ಚಿಕೊಂಡು ಬಿದ್ದಿರತಿದ್ದೆ. ಕಣ್ಣು ತೆಗೆದ್ರ, ಅಪ್ಪನ ನಿದ್ದಿ ಕೆಡಿಸಿದೆ ಅಂತ ಹೆದರಿ ನೀ ಎದ್ದು ಓಡಿ ಹೋಗತಿದ್ದಿ."

ನಾನು ಅವನ ಮುಖ ನೋಡಿದೆ. ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ನಾನು ಓಡಿ ಹೋಗಲಿಲ್ಲ.